ಬೆಂಡಿಗೆ ಕಟ್ಟಿದ ಸಿರಿ

ಮೂರು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನು ಅಂಗಳದಲ್ಲಿ ಕಾಲು ನೀಡಿ ಕುಳಿತು ಮಡಲು ಹೆಣೆಯುತ್ತಿದ್ದೆ. ತೆಂಗಿನ ಗರಿಯನ್ನು ಉದ್ದಕ್ಕೆ ಸೀಳಿ, ನಾಲ್ಕು ದಿನ ಹೊಳೆಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹೆಣೆದರೆ ಮಡಲು. ಮಳೆಗಾಲಕ್ಕೆ ಮೊದಲು ಕಟ್ಟಿಗೆ ಕೊಟ್ಟಿಗೆಯ ಮಾಡಿಗೆ ಹೊದೆಸಲು ಅರವತ್ತು ಬೇಕಿತ್ತು. ಇಪ್ಪತ್ತಮೂರನೆಯದು ಕೈಯಲ್ಲಿದ್ದಾಗ ನಮ್ಮವರು ಹೊಳೆಬದಿಯಿಂದ ಮೇಲೆ ಬಂದರು.

"ಹ್ವಾಯ್, ನಿಂಗೊಂದ್ ಕೆಲ್ಸ ಬಂದಿತ್ತ್."

"ಇನ್ನೊಂದಾ? ಇಪ್ಪುದೇ ಮುಗಿತಿಲ್ಲೆ" ಎಂದೆ.

"ಇದ್ ಗೌರ್ಮೆಂಟ್ ಕೆಲ್ಸ ಮಾರಾಯ್ತಿ. ವಿಸಿಲ್ ಕೊಡ್ತ್ರ್ ಗಡ."

ಮದುವೆಯಾಗಿ ಇಪ್ಪತ್ತೆಂಟು ವರ್ಷ ಮನೆವಾರ್ತೆ ಬಿಟ್ಟು ಬೇರೆ ಉದ್ಯೋಗ ಮಾಡಿದವಳಲ್ಲ ನಾನು. ಹೊರಗಿನವರ ಕೆಲಸ ಎಂದು ಮಾಡಿದ್ದು ಆ ಎಂಟು ದಿನ ಮಾತ್ರ. ಅದರ ವಿಷಯ ಬರೆಯಲು ಹೊರಟಿದ್ದೇನೆ.

ನಮ್ಮ ಮನೆ ಇರುವುದು ಕುದ್ರುವಿನಲ್ಲಿ. ಸುತ್ತಲೂ ಹೊಳೆ, ನಡುವೆ ಇಪ್ಪತ್ತೆರಡು ಮನೆಯ ನೆಲ. ಕುಂದಾಪುರ ಪೇಟೆಯ ದೀಪಗಳು ನಮ್ಮ ಜಗಲಿಗೆ ಕಾಣುತ್ತವೆ, ಬಸ್ಸಿನ ಹಾರ್ನ್ ಕೇಳುತ್ತದೆ. ಆದರೆ ಹೋಗಬೇಕಾದರೆ ದೋಣಿಯೇ ಆಗಬೇಕು. ಹೊಳೆ ದಾಟುವ ಆ ಕಡವಿನ ದೋಣಿ ನಮ್ಮವರದು. ಎಂಜಿನ್ ಇಲ್ಲ. ಉದ್ದದ ಬಿದಿರಿನ ಜಲ್ಲೆಯನ್ನು ಹೊಳೆಯ ತಳಕ್ಕೆ ಊರಿ ಒತ್ತಿ ಒತ್ತಿ ದಾಟಿಸುವುದು.

ನಾನು ಹುಟ್ಟಿದ್ದು ಬ್ರಹ್ಮಾವರದ ಹತ್ತಿರ, ಗದ್ದೆ ಬೇಸಾಯದ ಮನೆಯಲ್ಲಿ. ನೀರು ಎಂದರೆ ನನಗೆ ಬಾವಿ, ಹೆಚ್ಚೆಂದರೆ ಗದ್ದೆಯ ತೋಡು. ಈಜು ಬರುವುದಿಲ್ಲ, ಇವತ್ತಿಗೂ ಬಂದಿಲ್ಲ. ನೆರೆಮನೆಯ ಚಂದಕ್ಕ ಇದಕ್ಕಾಗಿಯೇ ನನ್ನನ್ನು "ಗದ್ದಿ ಹೆಣ್" ಎನ್ನುವುದು. ಅವರ ತೌರು ನಾವುಂದ, ಕಡಲ ಬದಿ. ಗಂಡ ತೀರಿದ ಮೇಲೆ ಹನ್ನೆರಡು ವರ್ಷದಿಂದ ಹೊಳೆಯಲ್ಲಿ ಮಳಿ ಹೆಕ್ಕಿ ಕುಂದಾಪುರದ ಸಂತೆಯಲ್ಲಿ ಮಾರುತ್ತಾರೆ. ಮಳಿ ಎಂದರೆ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹುಗಿದುಕೊಂಡಿರುವ ಕಪ್ಪೆಚಿಪ್ಪು. ನೀರು ಇಳಿದಾಗ ಎದೆಮಟ್ಟ ನಿಂತು, ಕಾಲ ಬೆರಳಿನಲ್ಲಿ ಹುಡುಕಿ, ಮುಳುಗಿ ತೆಗೆಯಬೇಕು. ಚಂದಕ್ಕ ಅರ್ಧ ದಿನ ನೀರಿನಲ್ಲಿ ಇರುತ್ತಾರೆ, ಉಳಿದರ್ಧ ದಿನ ಮಾತಿನಲ್ಲಿ.

ನಮ್ಮ ಕುದ್ರುವಿಗೆ ಸೇತುವೆ ಆಗುತ್ತದೆ ಎಂಬ ಮಾತು ನನ್ನ ಅತ್ತೆ ಮದುವೆಯಾಗಿ ಬಂದಾಗಲೇ ಇತ್ತಂತೆ. ಆ ವರ್ಷ ನಿಜವಾಗಿ ಸರ್ವೆಯವರು ಬಂದರು. ಕಂಬ ನಿಲ್ಲಿಸುವ ಮೊದಲು ಹೊಳೆಯ ತಳದಲ್ಲಿ ಕಲ್ಲೆಷ್ಟು, ಕೆಸರೆಷ್ಟು ಎಂದು ನೋಡಬೇಕು. ಬೈಂದೂರಿನ ಕಡೆಯ ಒಂದು ಹೊಳೆಯಲ್ಲಿ ಅದೇ ಕೆಲಸ ಮುಗಿಸಿ ನಮ್ಮಲ್ಲಿಗೆ ಬಂದಿದ್ದರು. ಮುಖ್ಯಸ್ಥೆ ಶೈಲಜಾ ಎಂಬ ಇಂಜಿನಿಯರ್. ಸಣ್ಣ ಪ್ರಾಯ, ಕಡಿಮೆ ಮಾತು. ನಮ್ಮ ಜಗಲಿಯಲ್ಲೇ ಕುಳಿತು, ನಾನು ಕೊಟ್ಟ ಎಳನೀರು ಕುಡಿದು ವಿವರಿಸಿದರು.

ಮೊದಲ ಎರಡು ದಿನ ಯಂತ್ರದ ಕೆಲಸ. ದೋಣಿಯಿಂದ ನೀರಿನೊಳಕ್ಕೆ ಶಬ್ದ ಕಳಿಸಿ, ಅದು ತಳಕ್ಕೆ ತಾಗಿ ತಿರುಗಿ ಬರುವ ಹೊತ್ತಿನ ಮೇಲೆ ಆಳ ಹೇಳುವ ಯಂತ್ರ. ಉಳಿದ ಆರು ದಿನ ಡೈವರ್ ಇಳಿಯುತ್ತಾನೆ. ಅವನ ಉಸಿರಾಟಕ್ಕೆ ದೊಡ್ಡ ದೋಣಿಯ ಮೇಲೆ ಕಂಪ್ರೆಸರ್, ಅದರಿಂದ ಅವನ ಮುಖದ ಮಾಸ್ಕಿಗೆ ಉದ್ದದ ಹಳದಿ ಪೈಪ್. ಪೈಪಿನ ಜೊತೆಗೇ ಒಂದು ಹಗ್ಗ. ಒಂದು ಸಲ ಎಳೆದರೆ "ಸೌಖ್ಯವೇ?", ಎರಡು ಸಲ ಎಳೆದರೆ "ಪೈಪ್ ಸಡಿಲ ಬಿಡಿ", ನಾಲ್ಕು ಸಲ ಎಳೆದರೆ "ಮೇಲೆ ಬರಬೇಕು". ನೀರಿನಡಿಯ ಮಾತುಕತೆ ಅಷ್ಟೇ.

"ಅವನು ಕೆಳಗಿರುವಷ್ಟು ಹೊತ್ತು ಹೊಳೆಯಲ್ಲಿ ಬೇರೆ ಒಂದು ದೋಣಿಯೂ ಚಲಿಸಬಾರದು" ಎಂದರು ಶೈಲಜಾ.

"ನಮ್ದ್ ಎಂಜಿನ್ ಇಲ್ದಿದ್ ದೋಣಿ, ಮೇಡಂ. ಅದ್ರಿಂದ್ ಎಂತ ಆತ್ತ್?" ಎಂದರು ನಮ್ಮವರು.

"ನಿಮ್ಮ ಜಲ್ಲೆಯ ತುದಿ ಎಲ್ಲಿ ಊರುತ್ತೆ ಅಂತ ನಿಮಗೆ ಕಾಣುತ್ತಾ?"

ನಮ್ಮವರು ತಿರುಗಿ ಹೊಳೆಯ ಕಡೆ ನೋಡಿದರು. ಮೂವತ್ತು ವರ್ಷ ತಳಕ್ಕೆ ಜಲ್ಲೆ ಚುಚ್ಚಿದವರು, ಕೆಳಗೆ ಮನುಷ್ಯನ ಬೆನ್ನು ಇರಬಹುದು ಎಂದು ಯೋಚಿಸಿದ್ದು ಅದೇ ಮೊದಲು.

ಹೀಗೆ ನಿಯಮ ಆಯಿತು, ನೋಟಿಸೂ ಅಂಟಿಸಿದರು. ಎಂಟು ದಿನ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ದೋಣಿ ಸಂಚಾರ ನಿಷೇಧ. ನಡುವೆ ಡೈವರ್ ಊಟಕ್ಕೆ ಮೇಲೆ ಬಂದಾಗ ಅರ್ಧ ಗಂಟೆ ಕಡವು ತೆರೆದಿರುತ್ತದೆ. ನಮ್ಮವರನ್ನು ದೋಣಿಯ ಸಮೇತ ಸರ್ವೆಯವರೇ ಕಾವಲಿಗೆ ಕರೆದುಕೊಂಡರು. ಕಡವಿನಲ್ಲಿ ಕೆಂಪು ಬಾವುಟ ಏರಿಸಿ ಇಳಿಸಲು, ದೋಣಿ ಇಳಿಸಿದವರಿಗೆ ವಿಸಿಲ್ ಊದಲು ಒಬ್ಬರು ಬೇಕಿತ್ತು. ಕಡವಿನ ತಲೆಯಲ್ಲೇ ಮನೆ ಇರುವುದು ನನ್ನದು. ಸರ್ವೆಯವರು ಕೊಟ್ಟ ಹಳದಿ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡೆ. ನಮ್ಮವರು ನೋಡಿ ನಕ್ಕರು. "ಸೇತುವೆ ಆದ್ರೆ ನಿಮ್ಮ ಜಲ್ಲಿ ಎಂತಕ್ಕೆ?" ಎಂದು ನಾನೂ ಕೇಳಿದೆ. "ನಿನ್ ಸೀರಿ ಒಣ್ಗ್ಸುಕೆ" ಎಂದರು.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಮೊದಲ ಎರಡು ದಿನ ಎಣಿಕೆ ಸುಲಭವಾಗಿತ್ತು. ಯಾರೂ ಜಗಳ ಮಾಡಲಿಲ್ಲ, ಒಂದು ಬೆರಳು. ಶಾಲೆಯ ಮಕ್ಕಳು ಒಂಬತ್ತಕ್ಕೆ ಮೊದಲೇ ದಾಟಿದರು, ಎರಡು. ಮಾಡುವ ಕೆಲಸ ಕಡವಿನಲ್ಲೇ ಕುಳಿತು ಮಾಡಬಹುದು, ಮೂರು. ಮಡಲನ್ನು ಅಲ್ಲಿಗೇ ಹೊತ್ತುಕೊಂಡು ಹೋಗಿದ್ದೆ.

ಮೂರನೆಯ ದಿನ ಡೈವರ್ ಬಂದ. ಹೆಸರು ರೋಹಿದಾಸ, ಕಾರವಾರದ ಕಡೆಯವನು, ಮೂವತ್ತು ಮೂವತ್ತೆರಡರ ಪ್ರಾಯ. ಇಳಿಯುವ ಮೊದಲು ನಮ್ಮಲ್ಲಿ ಒಂದು ಲೋಟ ಗಂಜಿತಿಳಿ ಕುಡಿದ. ಆಗಲೇ ಅವನಿಗೆ ಫೋನ್ ಬಂತು. ಕೊಂಕಣಿಯಲ್ಲಿ ನಗುನಗುತ್ತ ಮಾತಾಡಿ ಇಟ್ಟ.

"ಹೆಂಡ್ತಿ, ಅಕ್ಕಾ. ಆಫೀಸಲ್ಲಿ ಲೆಕ್ಕ ಬರಿಯೋ ಕೆಲಸ ಅಂತ ಹೇಳಿಟ್ಟಿದೀನಿ. ನೀರಿಗಿಳಿಯೋದು ಅಂದ್ರೆ ಊಟ ಬಿಡ್ತಾಳೆ."

"ಸುಳ್ಳ್ ಹೇಳುದಾ?"

"ಸಂಜೆ ದಿನಾ ಸರಿಯಾಗಿ ಮನೆಗೆ ಫೋನ್ ಮಾಡ್ತೀನಲ್ಲ, ಅಲ್ಲಿಗೆ ಸರಿ ಹೋಯ್ತು."

ಆ ಸಂಜೆಯ ಫೋನ್ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಬಾವುಟ ಏರಿಸುವಾಗ ಬೊಬ್ಬರ್ಯನನ್ನು ನೆನೆದೆ. ನೀರಿಗೆ ಹೋಗುವವರನ್ನು ಕಾಯುವ ದೈವ ನಮ್ಮ ಕುದ್ರುವಿನಲ್ಲಿ ಅವನೇ, ಅಶ್ವತ್ಥದ ಬುಡದಲ್ಲಿ ಗುಡಿ.

ಹನ್ನೊಂದು ಗಂಟೆಯ ಹೊತ್ತಿಗೆ ನೀರು ಇಳಿಯತೊಡಗಿತು. ದೊಡ್ಡ ದೋಣಿ ಹೊಳೆಯ ನಡುವೆ ಲಂಗರು ಹಾಕಿತ್ತು, ಪಕ್ಕದಲ್ಲಿ ನಮ್ಮವರು. ರೋಹಿದಾಸ ಕೆಳಗಿದ್ದ. ಮುಳುಗಿ ತಳಕ್ಕೆ ಸಿಕ್ಕಿಕೊಳ್ಳಬಾರದೆಂದು ಹಳದಿ ಪೈಪಿಗೆ ಮಾರುಮಾರಿಗೆ ಒಂದೊಂದು ಬೆಂಡು ಕಟ್ಟಿದ್ದರು. ಬೆಂಡು ಎಂದರೆ ಬಲೆಯನ್ನು ತೇಲಿಸುವ ಕಿತ್ತಳೆ ಬಣ್ಣದ ಉಂಡೆ. ಸರ್ವೆಯವರು ಅದನ್ನು ಬಂದರಿನ ಬದಿಯ ಬಲೆಯ ಅಂಗಡಿಯಿಂದಲೇ ತಂದಿದ್ದರು. ಅಗ್ಗ, ಗಟ್ಟಿ, ಕೂಡಲೇ ಸಿಗುತ್ತದೆ. ಇದರಲ್ಲಿ ತಪ್ಪಿದೆ ಎಂದು ಅವರಿಗಾಗಲಿ ನನಗಾಗಲಿ ಹೊಳೆಯಲಿಲ್ಲ.

ನಮ್ಮ ಹೊಳೆಯಲ್ಲಿ ಒಂದು ಕ್ರಮ ಉಂಟು. ಬಲೆ ಕಟ್ಟು ತಪ್ಪಿ ತೇಲಿ ಬಂದರೆ, ಮೊದಲು ಕಂಡವರು ಅದನ್ನು ಎಳೆದು ಹತ್ತಿರದ ಗೂಟಕ್ಕೆ ಕಟ್ಟಿಡಬೇಕು. ಬಲೆ ಯಾರದು ಎಂದು ಕೇಳುವುದಿಲ್ಲ, ಹಗೆಯವನದಾದರೂ ಕಟ್ಟುತ್ತಾರೆ. ಅಳಿವೆ ದಾಟಿ ಕಡಲಿಗೆ ಹೋಯಿತೆಂದರೆ ಒಂದು ಮನೆಯ ಅನ್ನ ಹೋದ ಹಾಗೆ. ಮಕ್ಕಳಿಗೂ ಗೊತ್ತಿರುವ ಕ್ರಮ ಇದು.

ಕಡವಿನಿಂದ ಸ್ವಲ್ಪ ಕೆಳಗೆ, ಹೊಯ್ಗೆ ದಿಬ್ಬದಲ್ಲಿ ಚಂದಕ್ಕ ಮಳಿ ಹೆಕ್ಕುತ್ತಿದ್ದರು. ಹೆಕ್ಕಬಾರದೆಂದು ನಾನು ಹೇಳಿರಲಿಲ್ಲ. ನೋಟಿಸಿನಲ್ಲಿ ಇದ್ದದ್ದು ದೋಣಿ. ನಾನು ಕಾಯುತ್ತಿದ್ದದ್ದೂ ದೋಣಿ. ಮೇಲಿನ ಹೊಳೆ, ಕೆಳಗಿನ ಹೊಳೆ, ಆಚೆ ದಡ ಎಂದು ಕಣ್ಣಾಡಿಸಿ ಮತ್ತೆ ಮಡಲಿಗೆ ಕೈ ಹಾಕುವುದು. ಇಳಿತದ ಸೆಳವು ಪೈಪಿನ ಸಡಿಲವಾದ ಭಾಗವನ್ನು ಬಿಲ್ಲಿನ ಹಾಗೆ ಬಗ್ಗಿಸಿ ದಿಬ್ಬದ ಕಡೆಗೆ ತಂದದ್ದನ್ನು ನಾನು ನೋಡಲಿಲ್ಲ. ನೋಡಿದ್ದು ಚಂದಕ್ಕ. ಅವರಿಗೆ ಕಂಡದ್ದು ಸಾಲಾಗಿ ತೇಲಿ ಬರುವ ಕಿತ್ತಳೆ ಬೆಂಡುಗಳು.

ನಾನು ತಲೆ ಎತ್ತುವಾಗ ಅವರು ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ವಿಸಿಲ್ ಊದಿದೆ. ಅವರು ತಿರುಗಿಯೂ ನೋಡಲಿಲ್ಲ. ಮತ್ತೆ ಊದಿದೆ.

"ಊದ್, ಊದ್! ನಾನೆಂತ ದೋಣಿಯಾ? ನಂಗ್ ಹುಟ್ಟ್ ಕಾಂತಾ ನಿಂಗೆ?"

"ಚಂದಕ್ಕಾ, ಎಂತ ಎಳಿತ್ರಿ ಅದ್?"

"ಯಾರ್ದೋ ಬಲಿ ತಪ್ಪಿ ಬಂದಿತ್ತ್, ಪಾಪ. ಕಟ್ಟಿ ಇಡ್ತೆ. ನೀ ಬಾವುಟ ಕಾಯ್, ಗದ್ದಿ ಹೆಣೆ."

ಹೇಳುತ್ತ ಹೇಳುತ್ತಲೇ ತಮ್ಮ ಗೂಟಕ್ಕೆ ಎರಡು ಸುತ್ತು ಹಾಕಿ ಗಂಟು ಬಿಗಿದರು. ನೀರು ಎಳೆದಷ್ಟೂ ಬಿಗಿಯುವ ಗಂಟು ಅದು, ಬಲೆಯವರ ಗಂಟು. ಆಗ ಬಿಸಿಲಿನಲ್ಲಿ ಹಳದಿ ಬಣ್ಣ ಮಿಂಚಿತು. ಬಲೆಯ ಹಗ್ಗ ಹಳದಿ ಇರುವುದಿಲ್ಲ.

ಆಮೇಲೆ ನಡೆದದ್ದೆಲ್ಲ ಎಷ್ಟು ನಿಮಿಷ ಎಂದು ಹೇಳಲಾರೆ. ನೀರಿಗೆ ಇಳಿದೆ. ಸೊಂಟ, ಎದೆ, ಕುತ್ತಿಗೆಯ ತನಕ ಬಂತು. ಕಾಲಿನಡಿಯ ಹೊಯ್ಗೆ ಜಾರುತ್ತಿತ್ತು. ಬೊಬ್ಬರ್ಯಾ ಎಂದೆ. ಎರಡು ಹೆಜ್ಜೆ ಆಚೆ ದಿಬ್ಬ ಸಿಕ್ಕಿತು, ನೀರು ಮತ್ತೆ ಎದೆಗೆ ಇಳಿಯಿತು. ಆ ಎರಡು ಹೆಜ್ಜೆಯ ನೆಲವನ್ನು ನಾನು ಇವತ್ತಿಗೂ ಉಪಕಾರದ ಎಣಿಕೆಯಲ್ಲಿ ಬಿಡುವುದಿಲ್ಲ.

"ಬಿಡಿ ಚಂದಕ್ಕಾ! ಅದ್ ಬಲಿ ಅಲ್ಲ! ಅದ್ರ್ ತುದಿಯಗ್ ಮನ್ಷ ಇದ್ದ!"

ಚಂದಕ್ಕನ ಮುಖ ನೋಡಬೇಕಿತ್ತು. ಕೈ ಬಿಟ್ಟರು. ಆದರೆ ಕೈ ಬಿಟ್ಟರೂ ಗಂಟು ಬಿಡಲಿಲ್ಲ. ಸೆಳವಿನ ಎಳೆತಕ್ಕೆ ಪೈಪು ಗೂಟದ ಮೇಲೆ ಹಿಂಡಿದ ಹಾಗೆ ಚಪ್ಪಟೆಯಾಗಿತ್ತು. ದೊಡ್ಡ ದೋಣಿಯಲ್ಲಿ ಕೂಗಾಟ ಶುರುವಾಯಿತು. ಅವರಿಗೂ ಪೈಪು ತಪ್ಪು ದಿಕ್ಕಿಗೆ ಹೋದದ್ದು ತಿಳಿದಿತ್ತು. ಆದರೆ ಎಂಜಿನ್ ಹಾಕುವ ಹಾಗಿಲ್ಲ, ಕೆಳಗೆ ಮನುಷ್ಯ. ನಮ್ಮವರು ಜಲ್ಲೆ ಊರುವ ಹಾಗಿಲ್ಲ, ಕೆಳಗೆ ಮನುಷ್ಯ. ಯಾವ ನಿಯಮ ಅವನನ್ನು ಕಾಯಬೇಕಿತ್ತೋ ಅದೇ ಅವರೆಲ್ಲರ ಕೈ ಕಟ್ಟಿಹಾಕಿತ್ತು. ಗೂಟದ ಬಳಿ ಇದ್ದದ್ದು ನಾವಿಬ್ಬರೇ.

ನನ್ನ ಬಲಗೈಯಲ್ಲಿ ಮಡಲು ಕೊಯ್ಯುವ ಕತ್ತಿ ಹಾಗೇ ಇತ್ತು. ಚಂದಕ್ಕ ಅದಕ್ಕೆ ಕೈ ಚಾಚಿದರು.

"ಕತ್ತಿ ಕೊಡ್! ಗಂಟ್ ಕೊಯ್ತೆ!"

ಬಲೆಯವರು ಯಾರಾದರೂ ಅದನ್ನೇ ಮಾಡುತ್ತಿದ್ದರು. ಬಿಚ್ಚಲಾಗದ ಗಂಟನ್ನು ಕೊಯ್ಯುವುದು. ನಾನು ಕತ್ತಿಯನ್ನು ದೂರಕ್ಕೆ ಎಸೆದುಬಿಟ್ಟೆ.

"ಕೊಯ್ಬ್ಯಾಡಿ! ಅದ್ರೊಳ್ಗ್ ಅವ್ನ್ ಉಸ್ರ್ ಇತ್ತ್!"

"ಮತ್ತೆಂತ ಮಾಡುದೇ?" ಎಂದು ಅವರು ಅಳುವ ಸ್ವರದಲ್ಲಿ ಕೂಗಿದರು.

"ಗೂಟ ಕೀಳಿ!"

ಆ ಗೂಟ ಚಂದಕ್ಕನ ಗಂಡ ಬದುಕಿದ್ದಾಗ ಹೊಡೆದದ್ದು. ಮಳಿಯ ಜಾಗಕ್ಕೆ ಗುರುತು, ಬುಟ್ಟಿ ಕಟ್ಟಲು ಆಸರೆ. ಹನ್ನೆರಡು ವರ್ಷದಲ್ಲಿ ಅದನ್ನು ಯಾರೂ ಮುಟ್ಟಿದ್ದಿಲ್ಲ. ಚಂದಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಇಬ್ಬರೂ ಅಪ್ಪಿ ಹಿಡಿದು ಆಚೆಗೆ ಈಚೆಗೆ ಅಲ್ಲಾಡಿಸಿದೆವು. ಮೊದಲು ಕದಲಲಿಲ್ಲ. ಚಂದಕ್ಕ ಮುಳುಗಿ ಬುಡದ ಹೊಯ್ಗೆಯನ್ನು ಕೈಯಲ್ಲಿ ತೋಡಿ ಮೇಲೆ ಬಂದರು, ಮತ್ತೆ ಮುಳುಗಿದರು. ಮೂರನೆಯ ಸಲ ಗೂಟ ಹಲ್ಲು ಕಿತ್ತ ಹಾಗೆ ಬಂತು. ತಲೆಕೆಳಗು ಮಾಡಿದಾಗ ಸುತ್ತು ಜಾರಿ ಬಿತ್ತು. ಪೈಪು ಮತ್ತೆ ಗುಂಡಗಾದದ್ದು ನನ್ನ ಅಂಗೈಗೆ ತಿಳಿಯಿತು. ಒಳಗೆ ಗಾಳಿ ಹೋಗುವ ಸಣ್ಣ ನಡುಕ.

ದೋಣಿಯ ಕಡೆಗೆ ನೋಡಿದೆವು. ಆಮೇಲೆ ನಮ್ಮವರು ಜಲ್ಲೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಮೇಲಕ್ಕೆ ಎತ್ತಿದರು. ಅದರ ಪಕ್ಕದಲ್ಲಿ ಒಂದು ತಲೆ ಕಂಡಿತು.

ಚಂದಕ್ಕ ಕಿತ್ತ ಗೂಟವನ್ನು ಅಪ್ಪಿಕೊಂಡೇ ನಿಂತಿದ್ದರು.

ಅರ್ಧ ಗಂಟೆಯ ನಂತರ ಎಲ್ಲರೂ ನಮ್ಮ ಜಗಲಿಯಲ್ಲಿ ಸೇರಿದೆವು. ರೋಹಿದಾಸನ ಮೊಣಕಾಲು ಕಲ್ಲಿಗೆ ಉಜ್ಜಿ ಗಾಯವಾಗಿತ್ತು, ಬೇರೇನೂ ಇಲ್ಲ. ಪೈಪು ಬಿಗಿದು ಮೇಲೆ ಬರಲಾಗದಿದ್ದರೂ, ಬೆನ್ನಿಗೆ ಕಟ್ಟಿದ್ದ ಸಣ್ಣ ಸಿಲಿಂಡರಿನಲ್ಲಿ ಐದು ನಿಮಿಷದ ಗಾಳಿ ಇತ್ತಂತೆ. "ಯಾರೋ ಎಳೆದ್ರು. ಒಂದು, ಎರಡು, ನಾಕು, ಏಳು. ನಮ್ಮ ಭಾಷೆಲಿ ಏಳು ಇಲ್ಲವೇ ಇಲ್ಲ. ಆಮೇಲೆ ಗಾಳಿನೇ ನಿಂತೋಯ್ತು" ಎಂದ. ಹೇಳುವಾಗ ನಗುತ್ತಿದ್ದ, ಆದರೆ ಲೋಟದ ಗಂಜಿತಿಳಿಯನ್ನು ಕುಡಿದದ್ದಕ್ಕಿಂತ ಹೆಚ್ಚು ಚೆಲ್ಲಿಕೊಂಡ. ನಾನು ಮತ್ತೆ ಲೋಟವನ್ನು ಅರ್ಧಕ್ಕೆ ಮಾತ್ರ ತುಂಬಿಸಿ ಕೊಟ್ಟೆ.

ಚಂದಕ್ಕ ನಮಗೆ ಬೆನ್ನು ಹಾಕಿ ಮೆಟ್ಟಿಲಲ್ಲಿ ಕುಳಿತಿದ್ದರು. ರೋಹಿದಾಸನೇ ಎದ್ದು ಹೋಗಿ ಪಕ್ಕದಲ್ಲಿ ಕುಳಿತ.

"ಅಕ್ಕಾ, ನಿಮ್ಮ ಗಂಟು ಭಾರೀ ಗಟ್ಟಿ. ನಮ್ಮ ಕಂಪನಿಗೆ ಬರ್ತೀರಾ?"

"ಹೋಗ, ಮಗನೇ" ಎಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ತಪ್ಪು ನನ್ನದು" ಎಂದೆ ನಾನು ಶೈಲಜಾ ಅವರಿಗೆ. "ನಾನು ದೋಣಿ ಮಾತ್ರ ಕಾದೆ."

"ದೋಣಿ ಅಂತ ಮಾತ್ರ ಬರೆದದ್ದು ನಾನು" ಎಂದರು ಅವರು. ಆ ಹುಡುಗಿಯ ಬಗ್ಗೆ ನನಗೆ ಗೌರವ ಬಂದದ್ದು ಆ ಮಾತಿಗೆ. "ನಾಳೆಯಿಂದ ಇಡೀ ಹೊಳೆಗೆ ಯಾರೂ ಇಳಿಯದ ಹಾಗೆ ಮಾಡ್ತೇನೆ. ಪೊಲೀಸರನ್ನು ಕೇಳ್ತೇನೆ."

ಮಳಿ ಹೆಕ್ಕುವ ಹನ್ನೊಂದು ಹೆಂಗಸರು ಐದು ದಿನ ಮನೆಯಲ್ಲಿ ಕುಳಿತುಕೊಳ್ಳಬೇಕು ಎಂದಾಯಿತು. ಅದಕ್ಕಿಂತ ಹೆಚ್ಚಾಗಿ, ಬೆಂಡು ಬೆಂಡಾಗಿಯೇ ಇರುವಷ್ಟು ಕಾಲ ಯಾರೋ ಒಬ್ಬರು ಅದನ್ನು ಎಳೆದೇ ಎಳೆಯುತ್ತಾರೆ. ಪೊಲೀಸರು ಊಟಕ್ಕೆ ಹೋದಾಗ ಎಳೆಯುತ್ತಾರೆ. ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ಬುದ್ಧಿಯಿಂದಲೇ ಎಳೆಯುತ್ತಾರೆ. ಅದನ್ನು ತಡೆಯುವುದು ಕಷ್ಟ. ನನಗೆ ಕಾಡುತ್ತಿದ್ದದ್ದು ಇದು.

ಮನೆಯ ಹಿಂದಿನ ಹಲಸಿನ ಮರದ ಕಡೆ ನೋಡಿದೆ. ಅದರ ಒಂದು ಕೊಂಬೆಯ ಕಾಯಿಗಳನ್ನು ಆ ವರ್ಷ ಬೊಬ್ಬರ್ಯನಿಗೆ ಹರಕೆ ಹೇಳಿದ್ದೆವು. ಕೊಂಬೆಗೆ ಸಿರಿ ಕಟ್ಟಿತ್ತು. ಸಿರಿ ಎಂದರೆ ತೆಂಗಿನ ಸುಳಿಯ ಎಳೆಯ ಗರಿ, ಬೆಣ್ಣೆಯ ಬಣ್ಣದ್ದು. ಅದನ್ನು ಕಟ್ಟಿದ ಕಾಯಿಯನ್ನು ಕಳ್ಳನೂ ಕೊಯ್ಯುವುದಿಲ್ಲ.

"ಮೇಡಂ, ಆ ಬೆಂಡಿಗೆಲ್ಲ ಸಿರಿ ಕಟ್ಟಿದರೆ?" ಎಂದೆ.

ವಿವರಿಸಿದೆ. ಅವರು ನಂಬಲಿಲ್ಲ. "ಒಂದು ಎಲೆ ಕಟ್ಟಿದರೆ ಜನ ಮುಟ್ಟೋದಿಲ್ವಾ?"

ಮೆಟ್ಟಿಲಿನಿಂದ ಚಂದಕ್ಕನ ಸ್ವರ ಬಂತು. "ನಿಮ್ಮ್ ಕಾಗ್ದ ಓದಿಯೂ ಬಲಿ ಎಳ್ದವ್ಳ್ ನಾನ್, ಮೇಡಂ. ಸಿರಿ ಕಂಡಿದ್ರೆ ಕೈ ಮುಕ್ಕಂಡ್ ಆಚಿ ಹೋತಿದ್ದೆ."

ಪೈಪು ಬರುವ ಭಾಗಕ್ಕೆ ಹೆಂಗಸರು ಇಳಿಯುವುದು ಬೇಡ, ಉಳಿದ ದಿಬ್ಬದಲ್ಲಿ ಹೆಕ್ಕಬಹುದು, ಪ್ರತಿ ಬೆಂಡಿಗೂ ಸಿರಿ ಎಂದು ತೀರ್ಮಾನವಾಯಿತು.

ಆದರೆ ನನ್ನ ಮನಸ್ಸಿಗೆ ಒಂದು ಮುಳ್ಳು ಉಳಿಯಿತು. ಸಿರಿ ಕಟ್ಟುವುದು ದೈವಕ್ಕೆ ಒಪ್ಪಿಸಿದ ವಸ್ತುವಿಗೆ. ಸರ್ವೆಯವರ ಪೈಪಿಗೆ ಕಟ್ಟಿದರೆ ಅದು ದೈವದ ಹೆಸರಿನಲ್ಲಿ ಹೇಳುವ ಸುಳ್ಳಾಗುವುದಿಲ್ಲವೇ? ಸಂಜೆ ದೀಪ ಹಚ್ಚಿದಾಗ ಬೆರಳು ಮಡಚಲು ಹೋದೆ. ಅವನು ಬದುಕಿದ್ದು ಒಂದು. ಅಲ್ಲಿಂದ ಮುಂದೆ ಎಣಿಕೆ ಹೋಗಲಿಲ್ಲ. ಆಗ ದಾರಿ ಹೊಳೆಯಿತು. ಸುಳ್ಳಾಗಬಾರದೆಂದರೆ ನಿಜ ಮಾಡಬೇಕು. ತೆಂಗಿನಕಾಯಿ ಒಂದನ್ನು ಹಿಡಿದುಕೊಂಡು ಗುಡಿಗೆ ಹೋಗಿ ನಿಂತು ಹೇಳಿದೆ: "ಈ ರೋಹಿದಾಸ ಎಂಬವನ ಉಸಿರನ್ನು ಐದು ದಿನ ನಿನಗೆ ಒಪ್ಪಿಸಿದ್ದೇನೆ. ಐದನೆಯ ದಿನ ಅವನು ಒಣಬಟ್ಟೆ ಉಟ್ಟ ಮೇಲೆ ಈ ಕಾಯಿ ಒಡೆಸುತ್ತೇನೆ." ಮನಸ್ಸು ಹಗುರಾಯಿತು. ಆಮೇಲೆ ಕಟ್ಟಿದ ಸಿರಿ ಒಂದೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಇಪ್ಪತ್ತಾರು ಬೆಂಡಿಗೆ ಚಂದಕ್ಕನೂ ನಾನೂ ಸಿರಿ ಕಟ್ಟಿದೆವು. ರೋಹಿದಾಸ ನೋಡಿ ಏನಿದು ಎಂದು ಕೇಳಿದ. ಹೇಳಿದೆ. ಅವನು ನಗಲಿಲ್ಲ. ಒಂದು ಎಳೆ ಕೇಳಿ ತೆಗೆದುಕೊಂಡು ತನ್ನ ಮಾಸ್ಕಿನ ಪಟ್ಟಿಗೆ ಸಿಕ್ಕಿಸಿಕೊಂಡ. ಹಿಂದಿನ ದಿನ ಅಷ್ಟಾದ ಮೇಲೂ ಅವನು ಇಳಿಯುತ್ತಾನೋ ಇಲ್ಲವೋ ಎಂದು ಶೈಲಜಾ ಅವರಿಗೆ ಅನುಮಾನವಿತ್ತಂತೆ. ಅವನು ಇಳಿದ.

ನಾಲ್ಕನೆಯ ದಿನ, ಐದನೆಯ ದಿನ ಏನೂ ಆಗಲಿಲ್ಲ. ಬೆಂಡುಗಳು ದಿಬ್ಬದ ಹತ್ತಿರ ಬಂದಾಗ ಹೆಂಗಸರು ತಾವೇ ಸರಿದು ಜಾಗ ಬಿಡುತ್ತಿದ್ದರು. ಇಬ್ಬರು ಕೈ ಮುಗಿದದ್ದನ್ನೂ ಕಂಡೆ. ನಾನು ಈಗ ದೋಣಿಯನ್ನು ಮಾತ್ರ ನೋಡುತ್ತಿರಲಿಲ್ಲ. ಮೊದಲು ಪೈಪು ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಕಣ್ಣು ಶುರು ಮಾಡುತ್ತಿದ್ದೆ. ಮಡಲನ್ನು ಮುಟ್ಟಲಿಲ್ಲ.

ಆರನೆಯ ದಿನ ಬಂದವರಿಗೆ ಸಿರಿ ಗೊತ್ತಿರಲಿಲ್ಲ. ಮೇಲಿನ ಹೊಳೆಬದಿಯ ಯಾವುದೋ ರೆಸಾರ್ಟಿನಿಂದ ಬಣ್ಣಬಣ್ಣದ ಕಯಾಕಿನಲ್ಲಿ ನಾಲ್ಕು ಜನ, ತಂಪು ಕನ್ನಡಕ, ಹಾಡು. ನೋಟಿಸು ಅಲ್ಲಿಗೆ ತಲುಪಿರಲಿಲ್ಲವೋ, ತಲುಪಿಯೂ ಓದಲಿಲ್ಲವೋ. ನೇರವಾಗಿ ಬೆಂಡಿನ ಸಾಲಿನ ಕಡೆಗೇ ಬರುತ್ತಿದ್ದರು. ನಾನು ವಿಸಿಲ್ ಊದಿದೆ, ಬಾವುಟ ಕಿತ್ತು ಬೀಸಿದೆ. ಒಬ್ಬಳು ನನಗೆ ಖುಷಿಯಿಂದ ಕೈ ಬೀಸಿದಳು.

ಅಷ್ಟರಲ್ಲಿ ದಿಬ್ಬದ ತುದಿಯಲ್ಲಿ ಚಂದಕ್ಕ ಎದ್ದು ನಿಂತರು. ಎದೆಮಟ್ಟ ನೀರು, ತಲೆಯ ಮೇಲೆ ಮಳಿಯ ಬುಟ್ಟಿ, ಎರಡೂ ಕೈ ಅಗಲಿಸಿ.

"ಹ್ವಾಯ್! ನಿಲ್ಸಿ ಅಲ್ಲೇ! ಕಣ್ಣ್ ಕಾಂತಿಲ್ಯಾ? ಕೆಂಪ್ ಬಾವ್ಟ ಕಾಂತಿಲ್ಯಾ?"

"ಆಂಟಿ, ಇದು ಸುಮ್ನೆ ಕಯಾಕ್. ಎಂಜಿನ್ ಇಲ್ಲ" ಎಂದ ಒಬ್ಬ.

"ನಂಗೂ ಎಂಜಿನ್ ಇರ್ಲಿಲ್ಲೆ, ಮಗನೇ! ಒಂದ್ ಜೀವ ತೆಗುಕ್ ಹೋಯಿದ್ದೆ ನಾನ್! ತಿರ್ಗ್ಸ್, ತಿರ್ಗ್ಸ್!"

ಅವರಿಗೆ ಮಾತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸ್ವರ ಅರ್ಥವಾಯಿತು. ನಾಲ್ಕೂ ಕಯಾಕು ತಿರುಗಿದವು. ಅವು ತಿರುವಿನಲ್ಲಿ ಮರೆಯಾಗುವ ತನಕ ಚಂದಕ್ಕ ಬುಟ್ಟಿ ಇಳಿಸಲಿಲ್ಲ. ಶೈಲಜಾ ಮೇಡಂ ದೋಣಿಯಿಂದಲೇ ಕೈ ಎತ್ತಿದರು. ಸಂಜೆ ಅವರು ಇನ್ನೊಂದು ಹಳದಿ ಅಂಗಿ ತಂದು ಚಂದಕ್ಕನಿಗೆ ಕೊಟ್ಟರು. "ಸೀರಿಗ್ ಹೊಂದುದಿಲ್ಲೆ" ಎಂದು ಬೈದು, ಮರುದಿನ ಬೆಳಕು ಹರಿಯುವಾಗಲೇ ಹಾಕಿಕೊಂಡು ಬಂದರು.

ಎಂಟನೆಯ ದಿನ ಮೂರು ಗಂಟೆಗೆ ಕೆಲಸ ಮುಗಿಯಿತು. ರೋಹಿದಾಸ ಕೊನೆಯ ಸಲ ಮೇಲೆ ಬಂದ, ಮಿಂದು ಒಣಬಟ್ಟೆ ಉಟ್ಟ. ನಾನು ಬಾವುಟ ಇಳಿಸಿದೆ. ನಂತರ ಎಲ್ಲರೂ ಗುಡಿಗೆ ಹೋದೆವು. ಹರಕೆಯ ಕಾಯಿಯನ್ನು ಅವನ ಕೈಯಿಂದಲೇ ಒಡೆಸಿದೆ. ಸಮ ಎರಡು ಹೋಳಾಯಿತು, ಒಳಗೆ ಬೆಳ್ಳಗೆ ಚೊಕ್ಕ. ಅದೂ ಒಂದು ಉಪಕಾರ. ಬೆಂಡುಗಳಿಂದ ಬಿಚ್ಚಿದ ಸಿರಿಯನ್ನು ಕಂಡಕಂಡಲ್ಲಿ ಎಸೆಯಬಾರದೆಂದು ಒಟ್ಟು ಮಾಡಿ ಅಶ್ವತ್ಥದ ಬುಡದಲ್ಲಿಟ್ಟೆ. ರೋಹಿದಾಸನಿಗೆ ಹೆಂಡತಿಯ ಫೋನ್ ಬಂತು. ಅವನು ಆಚೆ ಹೋಗಿ ಮಾತಾಡಿದ. ಕೊಂಕಣಿ ನನಗೆ ಅಷ್ಟಾಗಿ ಬರುವುದಿಲ್ಲ. ಈ ಸಲ ಬಹಳ ಹೊತ್ತು ಮಾತಾಡಿದ, ಲೆಕ್ಕ ಬರೆಯುವ ಕೆಲಸದ ಮಾತಲ್ಲ ಎಂದು ಮಾತ್ರ ತಿಳಿಯಿತು.

ಕಡವಿಗೆ ವಾಪಸು ಬರುವಾಗ ಚಂದಕ್ಕ ಗೂಟವನ್ನು ಹೆಗಲ ಮೇಲೆ ಹೊತ್ತು ನೀರಿಗೆ ಇಳಿಯುತ್ತಿದ್ದರು. ನಮ್ಮವರು ಮುಂದೆ ಹೋಗಿ ಕಲ್ಲಿನಿಂದ ಹೊಡೆದು ಕೊಟ್ಟರು. ಹಳೆಯ ಜಾಗ ಸರಿಯಾಗಿ ಸಿಗಲಿಲ್ಲ, ಒಂದೆರಡು ಮಾರು ಆಚೀಚೆ ಆಗಿರಬೇಕು. "ಇರ್ಲಿ, ಮಳಿಗೆಂತ ಗೊತ್ತಾತ್ತಾ" ಎಂದರು ಚಂದಕ್ಕ. ಆ ಗೂಟದ ತುದಿಗೆ ಅವರು ಒಂದು ಎಳೆ ಸಿರಿ ಕಟ್ಟಿದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆ.

ಸೇತುವೆ ಈಗ ಕಂಬದ ಮಟ್ಟಕ್ಕೆ ಬಂದಿದೆ. ನಮ್ಮವರ ಜಲ್ಲೆ ಇನ್ನೂ ನೀರಿನಲ್ಲೇ ಇದೆ. ಆ ಎಂಟು ದಿನದ ಉದ್ಯೋಗ ನನಗೆ ಕಲಿಸಿದ್ದು ಇಷ್ಟು: ಕಾಯಲು ಕೂರಿಸಿದರೆ, ಏನನ್ನು ತಡೆಯಬೇಕು ಎಂದು ಕೇಳುವ ಮೊದಲು ಯಾರನ್ನು ಉಳಿಸಬೇಕು ಎಂದು ಕೇಳಿಕೊಳ್ಳಬೇಕು. ಆಗ ಕಣ್ಣು ತಾನಾಗಿ ಸರಿಯಾದ ಕಡೆ ಹೋಗುತ್ತದೆ. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ನಿಂತಾಗಲೂ ನಾನು ಮಾಡುವುದು ಅದನ್ನೇ. ಹೊಳೆಯಲ್ಲಿ ಒಮ್ಮೆ ಮರೆತಿದ್ದೆ.

ಆ ದಿನ ವಿಸಿಲನ್ನೂ ಅಂಗಿಯನ್ನೂ ಒಪ್ಪಿಸಿ ಬರುವಾಗ ಮೂರನೆಯ ದಿನ ಅರ್ಧಕ್ಕೆ ಬಿಟ್ಟ ಮಡಲು ಕಡವಿನ ಕಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಬಿಸಿಲಿಗೆ ಒಣಗಿ ಸೆಟೆದುಕೊಂಡಿತ್ತು, ಬಗ್ಗಿಸಿದರೆ ಮುರಿಯುವ ಹಾಗೆ. ಅದನ್ನು ಎತ್ತಿಕೊಂಡು ನೀರಿನ ಅಂಚಿಗೆ ಇಳಿದೆ. ಮತ್ತೆ ಮೆತ್ತಗಾಗಲಿ ಎಂದು ಹೊಳೆಯಲ್ಲಿ ಮುಳುಗಿಸಿ, ಸೆಳವಿಗೆ ಹೋಗದ ಹಾಗೆ ಮೇಲೊಂದು ಕಲ್ಲು ಇಟ್ಟೆ.